ಬ್ರೇಕಿನ ಮೇಲಿನ ಕಾಲು

ಊರವರ ಗಾಡಿಗಳನ್ನೆಲ್ಲ ರಿಪೇರಿ ಮಾಡುವ ಮೆಕ್ಯಾನಿಕ್ ತನ್ನ ಕಾರಿನ ಕೆಟ್ಟ ಹ್ಯಾಂಡ್‌ಬ್ರೇಕಿನ ಕಡೆ ಮಾತ್ರ ತಿರುಗಿಯೂ ನೋಡಿರಲಿಲ್ಲ. ಬೇಸಿಗೆ ರಜೆಗೆಂದು ಹೆಂಡತಿ, ಮಗಳನ್ನು ಕೂರಿಸಿಕೊಂಡು ಬೆಟ್ಟ ಹತ್ತುತ್ತಿದ್ದ. ತಿರುವುಗಳಿಗೆ ತಲೆಸುತ್ತಿ ಮಗಳು ಸೀಟಿನ ಮೇಲೆ ವಾಂತಿ ಮಾಡಿಕೊಂಡಳು. ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಾರು ನಿಲ್ಲಿಸಿ, ಹಿಂದಕ್ಕೆ ತಿರುಗಿ ಬಲಗೈ ಬೀಸಿದ ಏಟಿಗೆ ಹುಡುಗಿಯ ಮೂಗಿನಿಂದ ರಕ್ತ ಸುರಿಯಿತು. ತಡೆಯಲು ಹೋದ ಹೆಂಡತಿಯ ತುಟಿಯೂ ಒಡೆಯಿತು.

ಸ್ವಲ್ಪ ದೂರದಲ್ಲೇ ಎಂಜಿನ್ ಕಾದು ಕಾರು ಏರಿನಲ್ಲಿ ನಿಂತುಬಿಟ್ಟಿತು. ಹೆಂಡತಿಯನ್ನು ತನ್ನ ಜಾಗಕ್ಕೆ ಎಳೆದು ಬ್ರೇಕ್ ಒತ್ತಿಸಿದ.

“ಏನೇ ಆದ್ರೂ ಕಾಲು ತೆಗೀಬೇಡ. ತೆಗೆದ್ಯೋ, ಹಲ್ಲು ಉದುರಿಸ್ತೀನಿ.”

ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಅವನು ಕುಕ್ಕರಗಾಲಲ್ಲಿ ಕೂತ. ಅವಳಿಗೆ ಕನ್ನಡಿಯಲ್ಲಿ ಮಗಳ ಮುಖ ಕಂಡಿತು. ಕಾಲು ಒಂದು ಗಳಿಗೆ ಸಡಿಲಿಸಿದಳು. ಕಾರು ಗೇಣುದ್ದ ಹಿಂದೆ ಸರಿದು ಕಲ್ಲು ಹಿಡಿದ ಕೈ ಮೇಲೆ ಹತ್ತಿತು. ಮೂಳೆ ಲಟಕ್ಕೆಂದಿತು. ಅವಳು ಮತ್ತೆ ಬ್ರೇಕ್ ಒತ್ತಿದಳು.

“ಕಾಲು ತೆಗಿಯೇ, ಕೈ ಸಿಕ್ಕಾಕ್ಕೊಂಡಿದೆ,” ಎಂದು ಅವನು ಅರಚಿದ.

“ಯಾವ ಕೈ?”

“ಬಲಗೈ ಕಣೇ, ಸಾಯ್ತೀನಿ.”

ಅವಳು ಮಗಳಿಗೆ ಕರವಸ್ತ್ರ ಕೊಟ್ಟಳು.

“ಏನೇ ಆದ್ರೂ ತೆಗೀಬೇಡ ಅಂದ್ರಲ್ಲ,” ಎಂದು ಬ್ರೇಕನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿ ಹಿಡಿದಳು.