ಕತ್ತಾಳೆ ಎಲೆಯ ಮೇಲೆ ಗೀಚಿದ್ದು

ಉಗುರಿನ ಸಂದಿಯಲ್ಲಿ ಮೆಣಸಿನಕಾಯಿಯ ಬೀಜವೊಂದು ಸಿಕ್ಕಿಕೊಂಡಿದೆ, ತೆಗೆಯಹೋದರೆ ಇನ್ನೂ ಒಳಗೆ ಜಾರುತ್ತದೆ, ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ವರ್ಷದ ಖಾರದಪುಡಿಗೆ ತೊಟ್ಟು ಬಿಡಿಸುವ ಕೆಲಸ, ಬೆಳಗಿನಿಂದ ಸುಪ್ರಿಯಾಳ ಬೆರಳೆಲ್ಲ ಭಗಭಗ, ಮೊರವನ್ನು ಹಾಗೇ ಬಿಟ್ಟು ಎದ್ದು ಬಂದದ್ದು ಗಂಡ ನಾಗರಾಜ್ ಕೂಗಿದ್ದಕ್ಕೆ — ಏ, ನಿಮ್ಮ ಚಿಕ್ಕಪ್ಪಗೆ ಟಕೀಲಾ ಕೊಡಾಣ, ಫೋನಾಗೆ ತೋರ್ಸಿದಂಗೆ ಮಾಡು, ಮೆಕ್ಸಿಕೋದೋರು ಖಾರ ಹಾಕ್ಕಂಡೇ ಕುಡೀತಾರಂತೆ — ಮಾಡುತ್ತಾಳೆ, ಹಸಿಮೆಣಸಿನಕಾಯಿ ಸೀಳಿ ಲೋಟದ ತಳದಲ್ಲಿ ಜಜ್ಜುತ್ತಾಳೆ, ನಿಂಬೆಹಣ್ಣು ಹಿಂಡುತ್ತಾಳೆ, ಚೂರು ಬೆಲ್ಲದ ನೀರು, ಐಸು, ಮೇಲೆ ಟಕೀಲಾ, ಲೋಟದ ಅಂಚಿಗೆ ಉಪ್ಪುಖಾರ ಮೆತ್ತಬೇಕಂತೆ, ಮೆತ್ತುತ್ತಾಳೆ, ಹಜಾರದಲ್ಲಿ ಎತ್ತಪ್ಪ, ಅವಳ ಅಪ್ಪನ ತಮ್ಮ, ಇಲ್ಲೇ ಹೊಸದುರ್ಗದಲ್ಲಿ ಕಣ್ಣಿನ ಪೊರೆ ತೆಗೆಸಿ ನಾಲ್ಕು ದಿನ, ಆರೈಕೆಗೆ ಇವಳ ಮನೆಯಲ್ಲೇ, ಕರಿ ಕನ್ನಡಕ ಹಾಕಿಕೊಂಡು ಕುಂತಿದ್ದಾನೆ, ಡಾಕ್ಟ್ರು ಬ್ಯಾಡ ಅಂದವ್ರೆ ಅನ್ನುತ್ತಲೇ ಲೋಟಕ್ಕೆ ಕೈ ಚಾಚುತ್ತಾನೆ, ಒಂದು ಗುಟುಕಿಗೆ ಏನಾಗ್ತೈತೆ ಬಿಡು, ಇದನ್ನ ಯಾವುದ್ರಾಗೆ ಮಾಡ್ತಾರಪ್ಪ, ಕತ್ತಾಳ್ಯಾಗೆ ಮಾವ, ನಮ್ಮ ಬೇಲಿ ಕತ್ತಾಳ್ಯಾ, ಹೂಂ, ಅದರ ಜಾತೀದೇ ಅಂತೆ.

ಕತ್ತಾಳೆ ಅಂದರೆ ಅವಳಿಗೆ ತವರಿನ ರಾಮಗಿರಿ ದಾರಿಯ ಬೇಲಿ, ಎಂಟು ವರ್ಷದ ಸುಪ್ರಿ ಮುಳ್ಳು ಮುರಿದುಕೊಂಡು ದಪ್ಪ ಎಲೆಯ ಮೇಲೆ ಗೀಚುತ್ತಿದ್ದಾಳೆ, ಚಿಕ್ಕಪ್ಪ ಕಳ್ಳ ಅಂತ, ಅವ್ವನ ಎರಡು ಕುರಿಮರಿ ಅವನು ಸಂತೆಗೆ ಹೊಡೆದುಕೊಂಡು ಹೋದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು, ಮನೆಗೆ ಬಂದು ತೋಳ ಹೊತ್ಕಂಡು ಹೋತು ಅಂದಿದ್ದ, ಕತ್ತಾಳೆಯ ಮೇಲೆ ಗೀಚಿದ್ದು ಅಳಿಸುವುದಿಲ್ಲ, ಎಲೆ ಬೆಳೆದಂತೆ ಅಕ್ಷರವೂ ಬೆಳೆಯುತ್ತದೆ, ಊರೆಲ್ಲ ಓದಿತು, ಆಮೇಲೆ ಕೆಂಡ, ಕೆಂಡದ ಮೇಲೆ ಒಂದು ಹಿಡಿ ಒಣಮೆಣಸಿನಕಾಯಿ, ಕುತ್ತಿಗೆ ಬಗ್ಗಿಸಿದ ಚಿಕ್ಕಪ್ಪನ ಕೈ, ತಲೆಯ ಮೇಲೆ ಕಂಬಳಿ, ಕಣ್ಣು ಕಿತ್ತು ಬಂದಂತೆ, ಇನ್ನ ಬರೀತೀಯೇನ್ಲೇ, ಬರೀತೀಯೇನ್ಲೇ, ಅವ್ವ ಬಾಗಿಲಲ್ಲಿ ನಿಂತು ನೋಡಿದಳು — ಆಹಾ ಏನು ಖಾರ ಮಾಡೀಯವ್ವ, ಎತ್ತಪ್ಪ ಅಂಚು ನೆಕ್ಕುತ್ತಾನೆ, ಇವಳಿಗೆ ಒಂದ್ಸಲ ಘಾಟು ಹಾಕಿದ್ದೆ ಕಣಪ್ಪ ನಾಗರಾಜ, ಅವತ್ತಿಂದ ಬಾಯಿ ನೆಟ್ಟಗಾತು, ನಿಂಗೆ ಒಳ್ಳೆ ಹೆಂಡ್ತಿ ಮಾಡಿಕೊಟ್ಟೋನು ನಾನೇ, ನಾಗರಾಜ್ ತೊಡೆ ತಟ್ಟಿಕೊಂಡು ನಗುತ್ತಾನೆ, ನಿಮ್ಮ ಋಣ ಹೆಂಗೆ ತೀರ್ಸಾಣ ಮಾವ.

ಏ ಸುಪ್ರಿ, ಹೊತ್ತಾತು, ಕಣ್ಣಿಗೆ ಡ್ರಾಪ್ಸ್ ಹಾಕು ಬಾರವ್ವ, ಕೈ ಸೋಪಾಕಿ ತೊಳ್ಕಂಡು ಬಾ — ನಲ್ಲಿ ತಿರುಗಿಸುತ್ತಾಳೆ, ನೀರಿನ ಸದ್ದು ಹಜಾರಕ್ಕೆ ಕೇಳುವಷ್ಟು ಹೊತ್ತು ಬಿಡುತ್ತಾಳೆ, ನಿಲ್ಲಿಸುತ್ತಾಳೆ, ನೀರಿಗೆ ಒಡ್ಡದ ಬೆರಳು ಹಾಗೇ ಉರಿಯುತ್ತಿವೆ, ತೊಳ್ಕಂಡ್ಯಾ, ಹೂಂ ಚಿಕ್ಕಪ್ಪ, ಮ್ಯಾಲೆ ನೋಡು, ಕನ್ನಡಕ ತೆಗೆದ ಕಣ್ಣು ಮಗುವಿನ ಕಣ್ಣಿನಂತೆ ಹೊಸದು, ಈಗ ಎಲ್ಲ ಚೆಂದ ಕಾಣ್ತೈತೆ ಮಗಾ, ನಿನ್ನ ಮೂಗುತಿ ಸೈತ, ಅಲ್ಲಾಡಬ್ಯಾಡ ಚಿಕ್ಕಪ್ಪ, ಬಲಗೈಯಲ್ಲಿ ಬಾಟಲಿ, ಎಡಗೈಯ ಬೆರಳು ಕೆಳರೆಪ್ಪೆಯನ್ನು ಎಳೆಯುತ್ತದೆ, ಒಳಗೆ ಒದ್ದೆ ಕೆಂಪು, ಕೆಂಪಿನ ಅಂಚಿಗೆ ಉಗುರು, ಉಗುರಿನ ಸಂದಿಯಲ್ಲಿ ಬೀಜ, ಹಳದಿ ಬೀಜ, ಬೀಜ —