ನಾಚ್ಕಬ್ಯಾಡಿ, ಉಣ್ಣಿ

ನನ್ನ ತಮ್ಮ ಬಾಲರಾಜು ಯಾರ ದನಿಯನ್ನು ಬೇಕಾದರೂ ತೆಗೆಯುತ್ತಾನೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅವನ ಸುತ್ತ ಯಾವಾಗಲೂ ನಾಲ್ಕು ಜನ ಹಲ್ಲು ಕಿರಿದುಕೊಂಡು ನಿಂತಿರುತ್ತಾರೆ. ಟಿವಿಯವರು ಅವನನ್ನು ಹಿಡಿದದ್ದೂ ಅಲ್ಲೇ. ಚಾನೆಲ್‌ಗೆಂದೇ ತೆಗೆಯುತ್ತಿದ್ದ ಸಿನಿಮಾ ಅದು. ಒಂದರೊಳಗೆ ನಾಲ್ಕು ದೆವ್ವದ ಕತೆ. ಹೆದರಿಸಬೇಕು, ನಗಿಸಲೂ ಬೇಕು. ಕೊನೆಯ ಕತೆಯಲ್ಲಿ ಇವನಿಗೆ ಮುದುಕಿಯ ವೇಷ. ಆವತ್ತಿನಿಂದ ಇವನನ್ನು ಹಿಡಿಯುವವರೇ ಇರಲಿಲ್ಲ.

ಸಿನಿಮಾ ಬಂದ ಭಾನುವಾರ ಮಧ್ಯಾಹ್ನ ಕೂಟಗಲ್‌ನ ನಮ್ಮ ಮನೆ ತುಂಬಿಹೋಗಿತ್ತು. ಅವ್ವನಿಗೆ ಟಿವಿಯ ಎದುರಿಗೇ ಕುರ್ಚಿ.

"ಕೊನೇದು ನಂದು, ಎದ್ದೋಗ್ಬ್ಯಾಡ ಕಣವ್ವ" ಎಂದು ತಮ್ಮ ಒಂದೇ ಸಮನೆ ಹೇಳುತ್ತಿದ್ದ.

ಮೊದಲ ಮೂರು ಕತೆ ಮುಗಿಯುವವರೆಗೆ ಪಕ್ಕದ ಮನೆಯ ಚಿಕ್ಕಲಕ್ಷ್ಮಮ್ಮ ಹೆದರಿ ಕಣ್ಣೇ ಬಿಡಲಿಲ್ಲ. ನಾಲ್ಕನೆಯದು ಶುರುವಾಯಿತು. ಪಿತೃಪಕ್ಷ. ಸತ್ತ ಯಜಮಾನನಿಗೆ ಕೋಣೆಯಲ್ಲಿ ಎಡೆ ಇಟ್ಟಿದ್ದಾರೆ: ಮುದ್ದೆ, ಕೋಳಿ ಸಾರು, ಬೀಡಿ, ಕ್ವಾರ್ಟರ್ ಬಾಟ್ಲು. ಹೊರಗೆ ಕೂತ ಮುದುಕಿ ಬಾಗಿಲ ಸಂದಿಗೆ ಬಾಯಿಟ್ಟು, "ಬಾಗ್ಲು ಹಾಕಿವ್ನಿ, ಯಾರೂ ನೋಡಲ್ಲ. ನಾಚ್ಕಬ್ಯಾಡಿ, ಉಣ್ಣಿ" ಎಂದಳು. ಒಳಗೆ ಬೊಚ್ಚುಬಾಯಿಯ ದೆವ್ವ ಕೋಳಿಕಾಲಿನ ಜೊತೆ ಕುಸ್ತಿಗೆ ಬಿತ್ತು.

ಎಲ್ಲರಿಗಿಂತ ಮೊದಲು ನಕ್ಕವಳು ನಾನೇ. ನಕ್ಕ ಮೇಲೆ ಹೊಳೆಯಿತು.

ಅದು ಅವ್ವನ ಮಾತು. ನಮ್ಮಪ್ಪ ಬೋರಲಿಂಗಯ್ಯನಿಗೆ ಹಲ್ಲೆಲ್ಲ ಬೇಗ ಬಿದ್ದುಹೋಗಿ, ನಾಲ್ಕು ಜನರೆದುರು ಉಣ್ಣಲು ಸಂಕೋಚ. ಅವ್ವ ತಟ್ಟೆಯನ್ನು ಕೋಣೆಗೆ ಕೊಟ್ಟು, ಬಾಗಿಲೆಳೆದು, ಹೊರಗೆ ಕಾವಲು ಕೂರುತ್ತಿದ್ದಳು. ಅಪ್ಪ ಹೋದ ಮೇಲೂ ಪ್ರತಿ ವರ್ಷ ಎಡೆ ಇಟ್ಟಾಗ ಅದೇ ಬಾಗಿಲು, ಅದೇ ಮಾತು. ಅವಳು ಸೆರಗು ಎಳೆದುಕೊಳ್ಳುವ ರೀತಿಯನ್ನೂ ಈ ಮುಟ್ಠಾಳ ಬಿಟ್ಟಿರಲಿಲ್ಲ.

"ಥೇಟ್ ನಮ್ ದೊಡ್ಡವ್ವನೇ ಕಣ್ಲಾ!" ಎಂದು ಚಿಕ್ಕಪ್ಪನ ಮಗ ಅನಂತರಾಜು ತೊಡೆ ತಟ್ಟಿದ. ಆಮೇಲೆ ಅವ್ವನ ಮುಖ ನೋಡಿ ಕೈ ಹಿಂದಕ್ಕೆಳೆದುಕೊಂಡ. ಒಬ್ಬೊಬ್ಬರದೇ ನಗು ನಿಂತಿತು. ಅವ್ವನಿಗೆ ಖುಷಿಯಾಗುತ್ತದೆಂದು ತಮ್ಮ ನಿಜವಾಗಿಯೂ ನಂಬಿದ್ದ. ಈಗ ಅವನ ಮುಖ ನೋಡಲಾಗುತ್ತಿರಲಿಲ್ಲ.

ಅವ್ವ ಏಳಲಿಲ್ಲ. ಕೊನೆಯವರೆಗೂ ನೋಡಿದಳು. ಬಂದವರೆಲ್ಲ ಟೀ ಕುಡಿದು ಹೊರಟ ಮೇಲೆ ಕೇಳಿದಳು, "ನಾನು ಹಂಗೇ ಆಡ್ತೀನಾ ಮಗ?"

"ಇಲ್ಲ ಕಣವ್ವ, ಸಿನ್ಮಾ ಅಲ್ವಾ, ಅವ್ರೇ ಒಸಿ ಜಾಸ್ತಿ ಮಾಡ್ಸುಬುಟ್ರು" ಎಂದ ತಮ್ಮ.

"ನಾನು ಬಾಗ್ಲತ್ರ ಕುಂತಿದ್ದಾಗ ನೀವಿಬ್ರೂ ಹಿಂದೇನೇ ನಿಂತಿರ್ತಿದ್ರಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ತನ್ನದೇ ಎನ್ನುವಂತೆ ಮಾತಾಡುತ್ತಿದ್ದಳು. "ಪಾಪ, ನಗ್ದೆ ತಡ್ಕಳಕ್ಕೆ ಎಷ್ಟು ಕಷ್ಟ ಆಗಿರ್ಬೇಕು ನಿಮ್ಗೆ."

ತಮ್ಮ ನನ್ನನ್ನು ನೋಡಿದ, ನಾನು ನೆಲ ನೋಡಿದೆ. ನಾವು ತಡೆದುಕೊಂಡೇ ಇರಲಿಲ್ಲವೆಂದು ಅವಳಿಗೆ ಹೇಗೆ ಹೇಳುವುದು? ಪ್ರತಿ ವರ್ಷವೂ ಹಿತ್ತಲಿಗೆ ಓಡಿಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ.