ಎದ್ದು ಹೋಗಲು ಒಬ್ಬರು ಬೇಕು

ಬೋಗ್ನಾಳ ಬಳಿ ಇದ್ದದ್ದು ಮೂರೇ ಪುಸ್ತಕ. ಹಸಿರು ಹೊದಿಕೆಯದು ಬೆಳಕಿನ ಬಗ್ಗೆ. ಬೆನ್ನು ಹರಿದು ಟೇಪು ಅಂಟಿಸಿಕೊಂಡದ್ದು ಹಕ್ಕಿಗಳ ನಡವಳಿಕೆಯ ಬಗ್ಗೆ. ಅದರಲ್ಲಿ ಕ್ಯಾಮೆರಾ ಎಂಬ ಮಾತೇ ಬರುವುದಿಲ್ಲ. ಮೂರನೆಯದು, ಕಾಫಿ ಕಲೆ ಬಿದ್ದದ್ದು, ಮರೆ ಕಟ್ಟಿಕೊಂಡು ಕಾಯುವುದು ಹೇಗೆಂದು ಹೇಳುತ್ತದೆ. ಈ ಮೂರನ್ನು ನೆಟ್ಟಗೆ ಓದಿದವರು ಯಾವ ಪ್ರಾಣಿಯ ಮುಂದಾದರೂ ಕ್ಯಾಮೆರಾ ಹಿಡಿದು ಕೂರಬಹುದು ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹಾಗಂತಲೇ ಹೇಳಿ ಅವುಗಳನ್ನು ಊರಿನ ಸಂಸ್ಕೃತಿ ಭವನದ ಮೇಜಿನ ಮೇಲೆ ಸಾಲಾಗಿ ಇಟ್ಟಳು.

ಮೇಜಿನ ಆಚೆ ಕೂತಿದ್ದವರು ಭವನದ ಮುಖ್ಯಸ್ಥೆ ಪಾನಿ ಹಾಲ್ಶ್ಕಾ. ಆ ಸೀಮೆಯಲ್ಲಿ ಹೆಂಗಸರನ್ನು ಪಾನಿ, ಗಂಡಸರನ್ನು ಪಾನ್ ಎಂದು ಗೌರವದಿಂದ ಕರೆಯುವುದು ರೂಢಿ. ಮೇ ತಿಂಗಳಿಂದ ಅಲ್ಲಿ ಹೊಸಬರಿಗೆ ಕಾಡುಜೀವಿಗಳ ಫೋಟೊ ತೆಗೆಯುವುದನ್ನು ಕಲಿಸುವ ತರಗತಿ ಶುರುವಾಗಲಿತ್ತು. ಕಲಿಸುವವರು ಒಬ್ಬರೇ ಬೇಕು. ದಿನವಿಡೀ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುವ ಬೋಗ್ನಾ ಕನಸಿನಲ್ಲಿ ಆಗಲೇ ಆ ತರಗತಿಯ ಹಲಗೆಯ ಮುಂದೆ ನಿಂತು ಪಾಠ ಹೇಳತೊಡಗಿ ಎಷ್ಟೋ ವಾರವಾಗಿತ್ತು. ಆದರೆ ಅದೇ ಜಾಗಕ್ಕೆ ಪಕ್ಕದ ಪೇಟೆಯ ಪಾನ್ ಸೆವೆರಿನ್ ಕೂಡ ಬಂದು ಕೂತಿದ್ದರು, ತೋಳುದ್ದದ ಲೆನ್ಸನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು.

"ಪುಸ್ತಕ ಓದಿದ್ರೆ ಹಕ್ಕಿ ಸಿಗೋದಾದ್ರೆ, ಪಾನಿ ಹಾಲ್ಶ್ಕಾ, ಲೈಬ್ರರಿ ಕಿಟಕಿ ಮೇಲೆ ಕ್ರೌಂಚಗಳು ಸಾಲಾಗಿ ಕೂತಿರ್ಬೇಕಿತ್ತು," ಎಂದರು ಸೆವೆರಿನ್. "ಪುಸ್ತಕಕ್ಕೆ ಹಾಕೋ ದುಡ್ಡಲ್ಲಿ ತರಗತಿಗೊಂದು ಒಳ್ಳೇ ಲೆನ್ಸ್ ತಗೊಳ್ಳಿ."

"ಲೆನ್ಸ್ ಹಕ್ಕೀನ ದೊಡ್ಡದು ಮಾಡುತ್ತೆ, ಪಾನ್ ಸೆವೆರಿನ್. ಹತ್ತಿರ ಕರೆಯಲ್ಲ," ಎಂದಳು ಬೋಗ್ನಾ.

"ಕರೆಯೋಕೆ ಅದೇನು ಕೋಳಿನಾ?"

ಪಾನಿ ಹಾಲ್ಶ್ಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮಿಬ್ಬರ ಜಗಳ ಕೇಳೋಕೆ ನಂಗೆ ಪುರುಸೊತ್ತಿಲ್ಲ. ಹೊಳೆ ಬಯಲಿಗೆ ಕ್ರೌಂಚಗಳು ಬಂದಿವೆ. ಭಾನುವಾರ ಒಬ್ಬೊಬ್ಬರು ಒಂದೊಂದು ಫೋಟೊ ತನ್ನಿ. ಯಾವುದು ಈ ಗೋಡೆಗೆ ಏರುತ್ತೋ ತರಗತಿ ಅವರದ್ದು. ತರಗತಿಗೆ ಕೊಳ್ಳೋದು ಪುಸ್ತಕಾನಾ ಲೆನ್ಸಾ ಅನ್ನೋದೂ ಅವರೇ ಹೇಳ್ಲಿ."

ಬ್ಯೆಬ್ಜಾ ಹೊಳೆಯ ಬಯಲಿನ ಕ್ರೌಂಚಗಳಷ್ಟು ಹುಷಾರಿನ ಹಕ್ಕಿ ಆ ಸೀಮೆಯಲ್ಲಿ ಬೇರೆ ಇಲ್ಲ. ರಾತ್ರಿ ಮೊಣಕಾಲುದ್ದದ ನೀರಿನಲ್ಲಿ ನಿಂತೇ ನಿದ್ದೆ. ಬೆಳಕು ಹರಿಯುತ್ತಲೇ ಪಕ್ಕದ ಹುಲ್ಲಿಗೆ ಇಳಿಯುತ್ತವೆ. ಆದ್ದರಿಂದ ನೀವು ಎಷ್ಟು ಬೇಗ ಹೋದರೂ ಅವು ನಿಮಗಿಂತ ಮೊದಲೇ ಎದ್ದಿರುತ್ತವೆ. ಬೋಗ್ನಾ ಇದನ್ನೆಲ್ಲ ಯೋಚಿಸಿಯೇ ವಾರದ ಹಿಂದೆ ಬಯಲಿನಂಚಿನಲ್ಲಿ ಜೊಂಡಿನ ಮರೆಯೊಂದನ್ನು ಕಟ್ಟಿ ಬಂದಿದ್ದಳು. ಅದು ಅಲ್ಲಿಯೇ ನಿಂತು ನಿಂತು ಹಕ್ಕಿಗಳಿಗೆ ಪೊದೆಯಷ್ಟೇ ಸಾಮಾನ್ಯವಾಗಲಿ ಎಂದು. ಇನ್ನುಳಿದದ್ದು ಅವುಗಳ ಕಣ್ಣೆದುರೇ ಒಳಗೆ ಹೋಗುವುದು. ಅದಕ್ಕೂ ಕಾಫಿ ಕಲೆಯ ಪುಸ್ತಕದಲ್ಲಿ ದಾರಿಯಿತ್ತು: ಇಬ್ಬರು ಒಳಗೆ ಹೋಗಬೇಕು, ಒಬ್ಬರು ಎದ್ದು ಹೋಗಬೇಕು. ಹಕ್ಕಿಗೆ ಎಣಿಕೆ ಬಾರದು. ಹೋದವರ ಬೆನ್ನು ನೋಡಿ ಮರೆ ಖಾಲಿಯಾಯಿತೆಂದು ನೆಮ್ಮದಿಯಾಗುತ್ತದೆ.

"ನಿಜಾನೇ ಅದು," ಎಂದಿದ್ದಳು ತೆಕ್ಲಾ ಅಜ್ಜಿ, ಆಲೂಗಡ್ಡೆ ಸುಲಿಯುತ್ತ. ಬೋಗ್ನಾಳನ್ನು ಕತೆ ಹೇಳಿ ಹೇಳಿಯೇ ಬೆಳೆಸಿದವಳು ಅವಳು. "ಕಾವಲಿನ ಕ್ರೌಂಚ ಒಂದು ಕಾಲಲ್ಲಿ ನಿಂತಿರುತ್ತೆ. ಇನ್ನೊಂದು ಕಾಲಲ್ಲಿ ಕಲ್ಲು ಹಿಡಿದಿರುತ್ತೆ, ತೂಕಡಿಸಿದ್ರೆ ಕಲ್ಲು ನೀರಿಗೆ ಬಿದ್ದು ಎಚ್ಚರ ಆಗ್ಲಿ ಅಂತ. ಎರಡು ಕಾಲಿಗೂ ಕೆಲಸ ಇರೋವಾಗ ಪಾಪ, ಯಾವ ಬೆರಳು ಮಡಚಿ ಎಣಿಸುತ್ತೆ ಹೇಳು?"

ಶುಕ್ರವಾರ ಎದ್ದು ಹೋಗುವ ಕೆಲಸಕ್ಕೆ ಝೆನನ್ ಮಾವ ಒಪ್ಪಿ ಬಂದ. ಬಂದ, ಮರೆಯೊಳಗೆ ಕೂತ, ಎದ್ದು ಹೋದ. ಅರ್ಧ ಬಯಲು ದಾಟಿದವನು ತಲೆ ಮುಟ್ಟಿ ನೋಡಿಕೊಂಡು ತಿರುಗಿದ. ಟೋಪಿ ಒಳಗೇ ಉಳಿದಿತ್ತು! ಬೋಗ್ನಾ ಒಳಗಿನಿಂದ ಹಲ್ಲು ಕಚ್ಚಿಕೊಂಡು ನೋಡುತ್ತಿದ್ದಂತೆ ದಡದಡ ವಾಪಸ್ಸು ಬಂದು ಟೋಪಿ ಹಾಕಿಕೊಂಡ. ಅಷ್ಟಕ್ಕೆ ಬಿಟ್ಟನೇ? ಇಲ್ಲ. ಸ್ಟೂಲಿನ ಮೇಲೆ ಕೂತು, ತುಟಿ ಅಲ್ಲಾಡಿಸುತ್ತ, ಹತ್ತರವರೆಗೆ ಎಣಿಸಿ ಮತ್ತೆ ಎದ್ದು ಹೊರಟ. ಮರೆತ ವಸ್ತುವಿಗಾಗಿ ತಿರುಗಿ ಬಂದವರು ಕೂತು ಹತ್ತು ಎಣಿಸದೆ ಹೊರಟರೆ ಕೇಡು ತಪ್ಪದು ಎಂಬುದು ಆ ಊರಿನಲ್ಲಿ ಎಳೆಮಕ್ಕಳಿಗೂ ಗೊತ್ತು. ಆದರೆ ಒಂದು ಸಲ ಹೋದವನು ಬಂದು ಇನ್ನೊಂದು ಸಲ ಹೋದದ್ದನ್ನು ಕಂಡು ಕಾವಲಿನ ಕ್ರೌಂಚ ಕಹಳೆ ಊದಿಯೇಬಿಟ್ಟಿತು. ಇಡೀ ಹಿಂಡು ಆಕಾಶಕ್ಕೆ ಹಾರಿತು.

"ಟೋಪಿ ಆಮೇಲೆ ತಗೊಂಡಿದ್ರೆ ಆಗ್ತಿರ್ಲಿಲ್ವಾ ಮಾವ?"

"ಈ ಚಳಿಗೆ? ನನ್ನ ತಲೆ ಮೇಲೆ ಏನಾದ್ರೂ ಉಳ್ಕೊಂಡಿದ್ಯಾ ನೋಡು!"

"ಹೋಗ್ಲಿ, ಕೂತು ಎಣಿಸ್ಲೇಬೇಕಿತ್ತಾ?"

"ಹಾಗೇ ಎದ್ದು ಹೋಗಿ ನಿನ್ನ ತಾತ ಕಾಲು ಮುರ್ಕೊಂಡಿದ್ದು ಮರ್ತೋಯ್ತೇನೇ?"

ಬೀಗದ ಕೈ ಮರೆತು ಮನೆಗೆ ತಿರುಗಿ ಬಂದಾಗಲೆಲ್ಲ ಬೋಗ್ನಾ ಕೂಡ ಕೂತು ಎಣಿಸಿಯೇ ಹೊರಡುವವಳು. ಅಂದು ಸಂಜೆ ಸೆವೆರಿನ್ ಆಗಲೇ ಫೋಟೊ ತೆಗೆದಾಯಿತೆಂಬ ಸುದ್ದಿ ಬೇಕರಿಯಿಂದ ಬಂತು. ಅವಳಿಗೆ ಉಳಿದದ್ದು ಶನಿವಾರ ಒಂದೇ.

"ನಾಳೆ ನಾನು ಎದ್ದು ಹೋಗ್ತೀನಿ," ಎಂದಳು ತೆಕ್ಲಾ ಅಜ್ಜಿ. "ಆ ಬಯಲಲ್ಲಿ ನಿನ್ನ ಮಾವ ಹುಟ್ಟೋಕೆ ಮುಂಚಿನಿಂದ ಓಡಾಡ್ತಿದ್ದೀನಿ."

"ಆಯ್ತು ಅಜ್ಜಿ. ಆದ್ರೆ ತಲೆಗೆ ಆ ಕೆಂಪು ಬಟ್ಟೆ ಬೇಡ. ಎದ್ದು ಕಾಣೋ ಬಣ್ಣ ಬೇಡ ಅಂತ ಪುಸ್ತಕದಲ್ಲಿದೆ."

"ಆ ಪುಸ್ತಕ ಬರೆದವನಿಗೆ ನಮ್ಮ ಕ್ರೌಂಚಗಳ ಪರಿಚಯ ಇತ್ತಾ? ಅವು ಕಣ್ಣು ಬಿಟ್ಟಾಗಿಂದ ನನ್ನನ್ನ ಇದ್ರಲ್ಲೇ ನೋಡಿವೆ. ಬೂದು ಬಣ್ಣದ್ದು ಸುತ್ಕೊಂಡು ಹೋದ್ರೆ, ಯಾರಪ್ಪಾ ಈ ಹೊಸ ಮುದುಕಿ ಅಂತ ಹೆದರ್ತವೆ."

ಬೋಗ್ನಾ ಹರಿದ ಬೆನ್ನಿನ ಪುಸ್ತಕವನ್ನು ನೆನೆದಳು. ದಿನವೂ ಕಾಣುವುದಕ್ಕೆ ಹಕ್ಕಿ ಅಂಜುವುದಿಲ್ಲ ಎಂದು ಅದರಲ್ಲೂ ಇತ್ತು. ಒಂದು ಪುಸ್ತಕ ಬೇಡ ಎನ್ನುತ್ತದೆ, ಇನ್ನೊಂದು ಅಜ್ಜಿಯ ಪಕ್ಷ. ಅವಳು ಅಜ್ಜಿಯ ಪಕ್ಷಕ್ಕೇ ಸೇರಿದಳು.

ಶನಿವಾರ ಹುಲ್ಲಿನ ಮೇಲೆ ತೆಳ್ಳಗೆ ಮಂಜು ಕೂತಿತ್ತು. ಇಬ್ಬರೂ ಮಾತಾಡಿಕೊಂಡೇ ಬಯಲಿಗೆ ಇಳಿದು ಮರೆಯೊಳಗೆ ಹೊಕ್ಕರು. ಅಜ್ಜಿ ಸ್ವಲ್ಪ ಹೊತ್ತು ಕೂತು ಮಂಡಿ ತಿಕ್ಕಿಕೊಂಡಳು, ಮೊಮ್ಮಗಳ ಹಣೆಯ ಮೇಲೆ ಶಿಲುಬೆ ಬರೆದಳು, ಹೊರಟಳು. ಕ್ರೌಂಚಗಳು ಕತ್ತು ನಿಮಿರಿಸಿ ಅವಳ ಬೆನ್ನನ್ನೇ ನೋಡುತ್ತಿದ್ದವು. ಎಲ್ಲವೂ ಪುಸ್ತಕದಲ್ಲಿ ಬರೆದ ಹಾಗೆಯೇ ನಡೆಯುತ್ತಿತ್ತು.

ಬೋಗ್ನಾ ಕಾಲು ಚಾಚಿದಾಗ ಏನೋ ತಗುಲಿತು. ಅಜ್ಜಿಯ ಬುಟ್ಟಿ! ರೈ ರೊಟ್ಟಿ, ಬೇಯಿಸಿದ ಮೊಟ್ಟೆ, ಸೌತೆಯ ಉಪ್ಪಿನಕಾಯಿ, ಅದರೊಳಗೇ ಮನೆಯ ಬೀಗದ ಕೈ. ಅಷ್ಟರಲ್ಲಿ ಬಯಲಿನ ನಡುವೆ ಅಜ್ಜಿಯೂ ನಿಂತಳು. ಖಾಲಿ ಕೈ ನೋಡಿಕೊಂಡಳು. ತಿರುಗಿದಳು.

ಕೂಗುವಂತಿಲ್ಲ, ಕೈ ಬೀಸುವಂತಿಲ್ಲ. 'ಬೇಡ ಅಜ್ಜಿ, ಬೇಡ, ಬೇಡ,' ಎಂದು ಬೋಗ್ನಾ ಮನಸ್ಸಿನಲ್ಲೇ ಬೇಡಿಕೊಂಡಳು. ಕಾವಲಿನ ಕ್ರೌಂಚದ ಕತ್ತು ಇನ್ನಷ್ಟು ಉದ್ದವಾಯಿತು.

ಅಜ್ಜಿ ಮರೆಯ ಕಡೆ ಒಂದು ಹೆಜ್ಜೆ ಇಟ್ಟಳು. ಏನೋ ನೆನಪಾದಂತೆ ತಡೆದಳು. ಆಮೇಲೆ, ಅಡುಗೆಮನೆಯ ಬೆಂಚಿನ ಮೇಲೆ ಕೂರುವಂತೆ ಲಂಗ ಸರಿಮಾಡಿಕೊಂಡು, ಅಲ್ಲಿಯೇ ಹುಲ್ಲಿನ ಗುಪ್ಪೆಯೊಂದರ ಮೇಲೆ ಕೂತುಬಿಟ್ಟಳು. ಅವಳ ತುಟಿಗಳು ಅಲುಗುತ್ತಿದ್ದವು.

ಕಾವಲಿನ ಕ್ರೌಂಚ ಅವಳನ್ನು ನೋಡಿತು. ಕೂತ ಮುದುಕಿಯಿಂದ ಯಾರಿಗೇನು ಭಯ? ಅದು ಕತ್ತು ಇಳಿಸಿತು. ಹಿಂದೆಯೇ ಉಳಿದವೂ ಹುಲ್ಲಿಗೆ ಕೊಕ್ಕು ಹಾಕಿದವು. ಮರೆಯ ಹತ್ತಿರವೇ ಇದ್ದ ಒಂದು ಹಕ್ಕಿ ಒಣಹುಲ್ಲಿನ ಎಸಳನ್ನು ಕಿತ್ತು ಮೇಲಕ್ಕೆಸೆದು, ರೆಕ್ಕೆ ಬಿಚ್ಚಿ ಜಿಗಿಯಿತು. ಅದರ ಜೋಡಿ ತಲೆಬಾಗಿ ನಮಸ್ಕರಿಸಿ ಎದುರು ಜಿಗಿಯಿತು. ನೋಡುನೋಡುತ್ತ ಬಯಲೆಲ್ಲ ಕುಣಿತವಾಯಿತು.

ಬೋಗ್ನಾ ಕ್ಯಾಮೆರಾಗೆ ಕಣ್ಣಿಟ್ಟು ನೋಡಿದಳು. ಎರಡು ಕ್ರೌಂಚಗಳ ರೆಕ್ಕೆಗಳ ನಡುವೆ, ದೂರದಲ್ಲಿ, ಮಂಜಿನೊಳಗೆ ಕರಗಿದ ಹಾಗೆ ಕೆಂಪು ತಲೆಬಟ್ಟೆ. ಹಿನ್ನೆಲೆಯಲ್ಲಿ ಮನುಷ್ಯರು ಬರಕೂಡದು, ಚೊಕ್ಕಟವಾಗುವ ತನಕ ಕಾಯಿರಿ ಎಂದು ಹಸಿರು ಪುಸ್ತಕದಲ್ಲಿ ಒಂದು ಇಡೀ ಅಧ್ಯಾಯವೇ ಇತ್ತು. ಅವಳು ಕಾಯಲಿಲ್ಲ. ಆ ಕೆಂಪು ಇಲ್ಲದಿದ್ದರೆ ಈ ಕುಣಿತವೇ ಇಲ್ಲ ಎಂಬುದು ಅವಳಿಗೆ ತನ್ನ ಹೆಸರಿನಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಗುಂಡಿ ಒತ್ತಿದಳು.

ಅಜ್ಜಿ ಎದ್ದು, ಹಿಂದೆ ನೋಡದೆ, ಬೀಗ ಹಾಕಿದ ಮನೆಯ ಕಡೆ ನಡೆದಳು. ಕ್ರೌಂಚಗಳು ಕುಣಿಯುತ್ತಲೇ ಇದ್ದವು.

ಬೋಗ್ನಾ ಮನೆಗೆ ಬಂದಾಗ ಅಜ್ಜಿ ಮೆಟ್ಟಿಲ ಮೇಲೆ ಕಾದಿದ್ದಳು. "ಕೊಡು ಬುಟ್ಟೀನ, ಹೊಟ್ಟೆ ಹಸೀತಿದೆ."

"ವಾಪಸ್ ಬಂದೇಬಿಡ್ತೀಯ ಅಂತ ಜೀವ ಬಾಯಿಗೆ ಬಂದಿತ್ತು ಅಜ್ಜಿ."

"ತಿರುಗಿದ್ದು ತಿರುಗಿಬಿಟ್ಟಿದ್ದೆ, ಆಮೇಲೆ ನಿನ್ನ ಪುಸ್ತಕ ನೆನಪಾಯ್ತು. ಆದ್ರೆ ತಿರುಗಿದವಳು ಕೂತ್ಕೊಳ್ದೆ ಇರೋಕಾಗುತ್ತಾ? ಒಳಗೇ ಬಂದು ಕೂತ್ಕೋಬೇಕು ಅಂತ ಯಾರೂ ಹೇಳಿಲ್ವಲ್ಲ."

"ಹತ್ತು ಎಣಿಸೋಕೆ ಅಷ್ಟು ಹೊತ್ತಾ?"

"ನಡುವೆ ಅವು ಕುಣಿಯೋಕೆ ಹತ್ತಿದ್ವು. ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡ್ದೆ."

ಭಾನುವಾರ ಎರಡು ಫೋಟೊಗಳೂ ಪಾನಿ ಹಾಲ್ಶ್ಕಾರ ಮುಂದೆ ಇದ್ದವು. ಸೆವೆರಿನ್ ಅವರದು ಒಂದೊಂದು ಗರಿಯನ್ನೂ ಎಣಿಸುವಷ್ಟು ಚೊಕ್ಕಟ. ಆಕೆ ತುಂಬ ಹೊತ್ತು ನೋಡಿದರು.

"ಚೆನ್ನಾಗಿದೆ, ಪಾನ್ ಸೆವೆರಿನ್. ಆದ್ರೆ ಇವೆಲ್ಲ ನಿಮ್ಮನ್ನೇ ನೋಡ್ತಿವೆ. ಇನ್ನೇನು ಹಾರಿಹೋಗೋ ಹಾಗಿವೆ. ಇವಳದ್ರಲ್ಲಿ ಅವು ತಮ್ಮ ಪಾಡಿಗೆ ತಾವಿವೆ."

"ಹಿಂದೆ ಒಂದು ಕೆಂಪು ಚುಕ್ಕೆ ಇದೆ," ಎಂದರು ಸೆವೆರಿನ್. "ಯಾವ ಪುಸ್ತಕದಲ್ಲಾದ್ರೂ ಇದನ್ನ ತಪ್ಪು ಅಂತಾರೆ."

"ನನ್ನ ಪುಸ್ತಕದಲ್ಲೂ ಅಂದಿದೆ," ಎಂದಳು ಬೋಗ್ನಾ ನಗುತ್ತ. "ಓದಿ, ಗೊತ್ತಿದ್ದೇ ಅದನ್ನ ಹಾಗೇ ಬಿಟ್ಟಿದ್ದೀನಿ. ಅದು ನಮ್ಮಜ್ಜಿ."

ಸೆವೆರಿನ್ ಬಗ್ಗಿ ಮತ್ತೊಮ್ಮೆ ನೋಡಿದರು. "ಅಷ್ಟು ಹತ್ತಿರ ಕುಣೀತಿವೆ ಅಂದ್ರೆ..." ಎಂದು ಲೆನ್ಸಿನ ಚೀಲದ ಜಿಪ್ಪು ಎಳೆದುಕೊಂಡರು. "ಕೋಳಿ ಅಂದಿದ್ದು ವಾಪಸ್ ತಗೊಂಡೆ ಕಣಮ್ಮ."

ಪಾನಿ ಹಾಲ್ಶ್ಕಾ ಸುತ್ತಿಗೆ, ಮೊಳೆ ಹುಡುಕಲು ಎದ್ದರು.

ಮೇ ತಿಂಗಳ ಮೊದಲ ತರಗತಿಯಲ್ಲಿ ಹಲಗೆಯ ಮುಂದೆ ನಿಂತ ಬೋಗ್ನಾ ಅದೇ ಮೂರು ಪುಸ್ತಕಗಳ ಹೊಸ ಪ್ರತಿಗಳನ್ನು ಎತ್ತಿ ತೋರಿಸಿದಳು. "ಹಕ್ಕೀದು ಮೊದಲು ಓದಿ. ಆಮೇಲೆ ಮರೆ, ಕೊನೆಗೆ ಬೆಳಕು. ಆದ್ರೆ ಇವತ್ತು ಮನೆಗೆ ಹೋದಮೇಲೆ ಮೊದಲು ಒಂದು ಕೆಲಸ ಮಾಡಿ. ನಿಮಗೋಸ್ಕರ ಎದ್ದು ಹೋಗೋಕೆ ಯಾರು ಬರ್ತಾರೆ ಅಂತ ಕೇಳ್ಕೊಂಡು ಬನ್ನಿ."

"ನನ್ನನ್ನ ಯಾರೂ ಕೇಳ್ಬೇಡಿ," ಎಂದಳು ಹಿಂದಿನ ಬೆಂಚಿನಿಂದ ಕೆಂಪು ತಲೆಬಟ್ಟೆಯ ತೆಕ್ಲಾ ಅಜ್ಜಿ, ಬುಟ್ಟಿಯನ್ನು ಮಡಿಲಲ್ಲಿ ಭದ್ರವಾಗಿ ಹಿಡಿದುಕೊಂಡು. "ನಾನು ಎದ್ದು ಹೋಗೋದು ಇವಳಿಗೆ ಮಾತ್ರ."